ಇಪ್ಪತ್ತಾರು ದಿನಗಳ ಕಾದಂಬರಿ

ಗ್ರಂಥರಚನೆಯು ನಿರಾತಂಕವಾದ ಮನಸ್ಸಿಗೂ ದೀರ್ಘವಾದ ಏಕಾಂತಕ್ಕೂ ಮಾತ್ರ ಒಲಿಯತಕ್ಕದ್ದೆಂಬುದು ಸಾಮಾನ್ಯವಾದ ನಂಬಿಕೆ. ಸಾಲಿಗರು ಬಾಗಿಲನ್ನು ತಟ್ಟುತ್ತಿರುವಾಗ, ಅಚ್ಚುಕೂಟದವರು ಪ್ರತಿಗಾಗಿ ಕಾದು ನಿಂತಿರುವಾಗ ಬರೆದ ಬರಹವು ಬಾಳಲಾರದೆಂದು ನಾವು ಎಣಿಸುತ್ತೇವೆ. ಈ ನಂಬಿಕೆಯನ್ನು ಒರೆಹಚ್ಚಿ ನೋಡಲು ರಷ್ಯಾದೇಶದ ಕಾದಂಬರಿಕಾರನಾದ ದಾಸ್ತೊಯೆವ್‌ಸ್ಕಿಯ ಜೀವಿತದಲ್ಲಿ 1866ನೆಯ ಇಸವಿಯ ಅಕ್ಟೋಬರ್ ತಿಂಗಳಿಗಿಂತ ತಕ್ಕ ಪ್ರಸಂಗವು ದೊರೆಯುವುದು ಕಷ್ಟ. (ಇಲ್ಲಿ ಕೊಟ್ಟಿರುವ ತಾರೀಖುಗಳು ಆ ಕಾಲದ ರಷ್ಯಾದಲ್ಲಿ ರೂಢಿಯಲ್ಲಿದ್ದ ಹಳೆಯ ಗಣನೆಯವು, ಈಗಿನ ಲೆಕ್ಕಕ್ಕೆ ಹನ್ನೆರಡು ದಿನ ಕೂಡಿಸಿಕೊಳ್ಳಬೇಕು.)

ಆಗ ದಾಸ್ತೊಯೆವ್‌ಸ್ಕಿಗೆ ನಲವತ್ತೈದು ವರ್ಷ ತುಂಬುತ್ತಲಿದ್ದಿತು. 1849ರಲ್ಲಿ ರಾಜದ್ರೋಹದ ಆರೋಪಕ್ಕೆ ಗುರಿಯಾಗಿ, ವಧ್ಯಸ್ಥಾನದವರೆಗೂ ಹೋಗಿ, ಕಡೆಯ ಗಳಿಗೆಯಲ್ಲಿ ಪ್ರಾಣ ಉಳಿದು, ಸೈಬೀರಿಯದಲ್ಲಿ ನಾಲ್ಕು ವರ್ಷ ಕಠಿಣ ಸೆರೆಯನ್ನೂ ಆಮೇಲೆ ಸಿಪಾಯಿಗಿರಿಯನ್ನೂ ಅನುಭವಿಸಿ ಅವನು ಪೀಟರ್ಸ್‌ಬರ್ಗಿಗೆ ಹಿಂದಿರುಗಿದ್ದನು. ಅಣ್ಣನಾದ ಮಿಖಾಯಿಲನೊಡನೆ ಕೂಡಿ ನಡೆಸಿದ ಮಾಸಪತ್ರಿಕೆಯನ್ನು 1863ರಲ್ಲಿ ಸರಕಾರವು ನಿಲ್ಲಿಸಿತು. 1864ರಲ್ಲಿ ಕೆಲವೇ ತಿಂಗಳುಗಳ ಅಂತರದಲ್ಲಿ ಹೆಂಡತಿಯೂ ಅಣ್ಣನೂ ತೀರಿಕೊಂಡರು. ಅಣ್ಣನ ಸಾಲವನ್ನೆಲ್ಲ ಅವನು ತಾನಾಗಿ ತಲೆಯ ಮೇಲೆ ಹೊತ್ತುಕೊಂಡನು. ಅತ್ತಿಗೆಯ ಸಂಸಾರ, ಮೃತಪತ್ನಿಯ ಮೊದಲ ಮದುವೆಯ ಮಗ, ಇವರೆಲ್ಲರ ಪೋಷಣೆಯೂ ಅವನ ಲೇಖನಿಗೇ ಬಿದ್ದಿತು. ಇದರ ಮೇಲೆ ಮೂರ್ಛೆರೋಗದ ಬಾಧೆ ಬೇರೆ.

ಈ ಸಂಕಟವನ್ನು ಅರಿತು 1865ರ ಬೇಸಗೆಯಲ್ಲಿ ಸ್ಟೆಲೊವ್‌ಸ್ಕಿ ಎಂಬ ಪ್ರಕಾಶಕನು ಅವನ ಬಳಿಗೆ ಕರಾರುಪತ್ರವನ್ನು ತಂದನು. ಮೂರು ಸಾವಿರ ರೂಬಲುಗಳಿಗೆ ಅದುವರೆಗಿನ ಕೃತಿಗಳನ್ನೆಲ್ಲ ಅಚ್ಚು ಮಾಡುವ ಹಕ್ಕು ಪ್ರಕಾಶಕನಿಗೆ. ಅದಲ್ಲದೆ ಎಲ್ಲಿಯೂ ಪ್ರಕಟವಾಗದ ಒಂದು ಹೊಸ ಕಾದಂಬರಿಯನ್ನು 1866ರ ನವೆಂಬರ್ 1ರೊಳಗೆ ಬರೆದು ಕೊಡತಕ್ಕದ್ದು. ವಾಯಿದೆ ತಪ್ಪಿದರೆ ದಂಡ; ಅದಕ್ಕೂ ಮೀರಿದರೆ ಮುಂದಿನ ಒಂಬತ್ತು ವರ್ಷ ದಾಸ್ತೊಯೆವ್‌ಸ್ಕಿ ಬರೆದುದನ್ನೆಲ್ಲ ಒಂದು ಕಾಸನ್ನೂ ಕೊಡದೆ ಅಚ್ಚು ಹಾಕಿಕೊಳ್ಳುವ ಅಧಿಕಾರ! ಆ ಹಣದಲ್ಲಿ ಹೆಚ್ಚಿನ ಪಾಲು ಸಾಲಿಗರಿಗೆ ಹೋಯಿತು. ಉಳಿದ ಅಲ್ಪವನ್ನು ಹಿಡಿದುಕೊಂಡು ಅವನು ಜರ್ಮನಿಯ ವೀಸ್‌ಬಾಡೆನ್ನಿಗೆ ಹೋಗಿ, ಅಲ್ಲಿಯ ಜೂಜಿನ ಚಕ್ರಕ್ಕೆ ಅದನ್ನೂ ಒಪ್ಪಿಸಿ ಬರಿಗೈಯವನಾದನು.

ಇಷ್ಟರಲ್ಲಿ ಇನ್ನೊಂದು ದೊಡ್ಡ ಗ್ರಂಥವು ಅವನ ಕೈಹಿಡಿದಿದ್ದಿತು. 'ಅಪರಾಧ ಮತ್ತು ಶಿಕ್ಷೆ' ಎಂಬ ಆ ಕಾದಂಬರಿಯು 1866ರ ಜನವರಿಯಿಂದ ಒಂದು ಮಾಸಪತ್ರಿಕೆಯಲ್ಲಿ ಭಾಗಭಾಗವಾಗಿ ಹೊರಡುತ್ತಲಿತ್ತು. ಅದರ ಮೊದಲ ಪ್ರತಿಯು ಮನಸ್ಸಿಗೆ ಒಪ್ಪದೆ ಹೋದುದರಿಂದ ಸಿದ್ಧವಾಗಿದ್ದುದನ್ನೆಲ್ಲ ಬೆಂಕಿಗೆ ಹಾಕಿ ಅವನು ಹೊಸದಾಗಿ ಆರಂಭಿಸಿದ್ದನು. ಬೇಸಗೆಯಲ್ಲಿ ಮಾಸ್ಕೋ ನಗರದ ಸಮೀಪದ ಲ್ಯುಬ್ಲಿನೋ ಎಂಬಲ್ಲಿದ್ದಾಗ, ಬೆಳಿಗ್ಗೆ ಒಂದು ಕಾದಂಬರಿಯನ್ನೂ ಸಂಜೆ ಇನ್ನೊಂದನ್ನೂ ಬರೆದು ಎರಡನ್ನೂ ಮುಗಿಸಬೇಕೆಂದು ಸಂಕಲ್ಪ ಮಾಡಿಕೊಂಡನು. ಸಂಕಲ್ಪವು ಸಂಕಲ್ಪವಾಗಿಯೇ ಉಳಿಯಿತು. ಅಕ್ಟೋಬರ್ ಹುಟ್ಟಿದಾಗ ಸ್ಟೆಲೊವ್‌ಸ್ಕಿಗೆ ಸಲ್ಲಬೇಕಾದ ಕಾದಂಬರಿಯ ಒಂದು ಪಂಕ್ತಿಯೂ ಬರೆದಾಗಿರಲಿಲ್ಲ. ಉಳಿದಿದ್ದುದು ಒಂದೇ ತಿಂಗಳು.

ಆಗ ಅವನನ್ನು ನೋಡಲು ಬಂದ ಮಿಲ್ಯುಕೋವನೆಂಬ ಮಿತ್ರನು, ಗೆಳೆಯರೆಲ್ಲರೂ ಒಂದೊಂದು ಭಾಗವನ್ನು ಹಂಚಿಕೊಂಡು ಬರೆದು ವಾಯಿದೆಯೊಳಗೆ ಮುಗಿಸಿಬಿಡೋಣವೆಂದನು. ಪರರು ಬರೆದುದಕ್ಕೆ ತನ್ನ ಹೆಸರು ಹಾಕುವುದಕ್ಕೆ ದಾಸ್ತೊಯೆವ್‌ಸ್ಕಿ ಒಡಂಬಡಲಿಲ್ಲ. ಒಂಬತ್ತು ವರ್ಷಗಳ ದುಡಿಮೆಯೇ ಪಣವಾಗಿರುವಾಗಲೂ ಈ ನಿರಾಕರಣೆಯು ಬಂದಿತೆಂಬುದನ್ನು ಗಮನಿಸಬೇಕು. ಕಡೆಗೆ ಮಿಲ್ಯುಕೋವನು ಶೀಘ್ರಲಿಪಿಕಾರರ ಸಹಾಯವನ್ನು ಪಡೆಯುವಂತೆ ಸೂಚಿಸಿದನು. ಶೀಘ್ರಲಿಪಿಯು ಆಗ ರಷ್ಯಾದಲ್ಲಿ ಹೊಸ ವಿದ್ಯೆ. ಪೀಟರ್ಸ್‌ಬರ್ಗಿನಲ್ಲಿ ಅದನ್ನು ಕಲಿಸುತ್ತಿದ್ದ ಓಲ್ಖಿನನು ತನ್ನ ಶಿಷ್ಯರಲ್ಲಿ ಮೇಲಾದವಳನ್ನು ಕಳುಹಿಸಿಕೊಟ್ಟನು. ಇಪ್ಪತ್ತು ವರ್ಷದ ಆ ಕನ್ಯೆಯ ಹೆಸರು ಅನ್ನಾ ಗ್ರಿಗೊರ್ಯೆವ್ನಾ. ಅದೇ ವರ್ಷ ತಂದೆಯನ್ನು ಕಳೆದುಕೊಂಡಿದ್ದ ಆಕೆಗೆ ಸ್ವಂತ ಸಂಪಾದನೆಯ ಮೊದಲ ಕೆಲಸ ಇದೇ. ಗೊತ್ತಾದ ಪ್ರತಿಫಲ ಐವತ್ತು ರೂಬಲು.

ಅಕ್ಟೋಬರ್ 4ರಂದು ಕೆಲಸವು ಮೊದಲಾಯಿತು. ಆರಂಭವು ಶುಭಸೂಚಕವಾಗಿರಲಿಲ್ಲ. ಪರೀಕ್ಷಾರ್ಥವಾಗಿ ಪತ್ರಿಕೆಯೊಂದರಿಂದ ಬಹು ವೇಗದಲ್ಲಿ ಓದಿ ಬರೆಯಿಸಿ, ಎಲ್ಲಿಯೋ ಪೂರ್ಣವಿರಾಮ ಬಿಟ್ಟುಹೋದುದಕ್ಕೆ ಅವನು ಸಿಡಿಮಿಡಿಗೊಂಡನು. ಬಾಯಿಯಿಂದ ಹೇಳಿ ಬರೆಯಿಸುವ ಅಭ್ಯಾಸವೂ ಅವನಿಗಿರಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುವನು, ನಾಲ್ಕು ವಾಕ್ಯ ಹೇಳುವನು, ಸಾಕೆಂದು ಬಿಟ್ಟುಬಿಡುವನು. ಕೆಲವು ದಿನಗಳಾದ ಮೇಲೆ ಕ್ರಮವು ನೆಲೆಗೊಂಡಿತು. ರಾತ್ರಿ ಅವನು ಕರಡನ್ನು ಬರೆದಿಟ್ಟುಕೊಳ್ಳುವನು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅದನ್ನು ನೋಡಿಕೊಂಡು ಹೇಳುವನು. ಆಕೆ ಶೀಘ್ರಲಿಪಿಯಲ್ಲಿ ಬರೆದುಕೊಂಡು ಮನೆಗೆ ಹೋಗಿ, ಶುದ್ಧಪ್ರತಿ ಮಾಡಿ ಮರುದಿನ ತರುವಳು. ಮುಗಿದ ಹಾಳೆಗಳನ್ನು ಎಣಿಸಿ ನೋಡುವುದು ಇಬ್ಬರಿಗೂ ಧೈರ್ಯಕ್ಕೆ ಕಾರಣವಾಯಿತು. ಅಕ್ಟೋಬರ್ 29ಕ್ಕೆ ಹೇಳಿ ಬರೆಯಿಸುವುದು ಮುಗಿಯಿತು. 'ಜೂಜುಗಾರ'ನೆಂಬ ಕಾದಂಬರಿಯು ಹೀಗೆ ಇಪ್ಪತ್ತಾರು ದಿನಗಳಲ್ಲಿ ಸಿದ್ಧವಾಯಿತು.

ಆದರೆ ಬರೆದು ಮುಗಿಸಿದ ಮಾತ್ರಕ್ಕೆ ಗಂಡಾಂತರವು ತಪ್ಪಿರಲಿಲ್ಲ. ಪ್ರಕಾಶಕನು ಬೇಕೆಂದೇ ಕಣ್ಮರೆಯಾಗಬಹುದೆಂದು ಶಂಕಿಸಿ, ಅನ್ನಾ ಮುಂಚಿತವಾಗಿಯೇ ಒಬ್ಬ ವಕೀಲನಿಂದ ಉಪಾಯವನ್ನು ತಿಳಿದುಕೊಂಡು ಬಂದಿದ್ದಳು. ಶಂಕೆಯು ನಿಜವಾಯಿತು. ನವೆಂಬರ್ 1ರಂದು ದಾಸ್ತೊಯೆವ್‌ಸ್ಕಿ ಹಸ್ತಪ್ರತಿಯೊಡನೆ ಹೋದಾಗ ಸ್ಟೆಲೊವ್‌ಸ್ಕಿ ಊರಲ್ಲಿರಲಿಲ್ಲ. ಅಂಗಡಿಯ ಗುಮಾಸ್ತನು ತನಗೆ ಅಪ್ಪಣೆಯಿಲ್ಲವೆಂದು ಪ್ರತಿಯನ್ನು ತೆಗೆದುಕೊಳ್ಳಲಿಲ್ಲ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಪೋಲೀಸು ಠಾಣೆಯಲ್ಲಿ ಹಸ್ತಪ್ರತಿಯನ್ನು ಒಪ್ಪಿಸಿ, ತಾರೀಖು ಹಾಕಿದ ರಶೀದಿಯನ್ನು ಪಡೆಯಲಾಯಿತು. ವಾಯಿದೆ ತೀರಲು ಉಳಿದಿದ್ದುದು ಎರಡೇ ಗಂಟೆಗಳು.

ಈ ವೃತ್ತಾಂತದ ಬಹುಭಾಗವು ಅನ್ನಾ ತನ್ನ ವೃದ್ಧಾಪ್ಯದಲ್ಲಿ ಬರೆದ ಸ್ಮರಣೆಗಳಿಂದ ಬಂದುದು; ಸುಮಾರು ಅರ್ಧ ಶತಮಾನದ ಆಚೆಯಿಂದ ಪ್ರೀತಿಯ ಕಣ್ಣಿನಿಂದ ನೋಡಿ ಬರೆದುದು. ಮಾತುಕತೆಗಳ ಒಂದೊಂದು ಶಬ್ದವನ್ನೂ ಅದರಿಂದ ಪ್ರಮಾಣವೆಂದು ಹಿಡಿಯಲಾಗದು. ಆದರೂ ವಾಯಿದೆಯ ಕಥೆಗೆ ದಾಸ್ತೊಯೆವ್‌ಸ್ಕಿಯ ಪತ್ರಗಳೂ ಮಿಲ್ಯುಕೋವನ ಬರಹವೂ ಆಧಾರ ಕೊಡುತ್ತವೆ.

ಹಾಗಾದರೆ ಇಷ್ಟು ತ್ವರೆಯಲ್ಲಿ ಬರೆದ ಗ್ರಂಥವು ಹೇಗೆ ಬಾಳಿತು? ಉತ್ತರವು ಪೂರ್ವವೃತ್ತಾಂತದಲ್ಲಿದೆ. ಪರದೇಶದಲ್ಲಿ ಜೂಜಿಗೆ ಬಿದ್ದ ರಷ್ಯನೊಬ್ಬನ ಕಥೆಯನ್ನು ಬರೆಯಬೇಕೆಂಬ ಯೋಚನೆಯನ್ನು ಅವನು 1863ರಲ್ಲಿಯೇ ರೋಮಿನಿಂದ ಸ್ನೇಹಿತನಿಗೆ ಬರೆದ ಪತ್ರದಲ್ಲಿ ವಿವರಿಸಿದ್ದನು. ಜೂಜಿನ ಮೇಜಿನ ಮುಂದೆ ಮನುಷ್ಯನ ಎದೆಯು ಹೇಗೆ ಬಡಿದುಕೊಳ್ಳುವುದೆಂಬುದನ್ನು ಅವನು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ. ಕೈಯು ಬರೆದುದು ಇಪ್ಪತ್ತಾರು ದಿನ. ಮನಸ್ಸು ಬರೆದುದು ಮೂರು ವರ್ಷ. ವಾಯಿದೆಯು ಹಣ್ಣನ್ನು ಉದುರಿಸಬಲ್ಲುದೇ ಹೊರತು ಕಾಯನ್ನು ಹಣ್ಣು ಮಾಡಲಾರದು. ತ್ವರೆಯನ್ನೇ ಪ್ರತಿಭೆಯೆಂದು ಭಾವಿಸುವವರು ಈ ಭೇದವನ್ನು ಮರೆಯಬಾರದು.

ಜೂಜುಗಾರನ ಕಥೆಯನ್ನು ಬರೆದ ಮಾತ್ರಕ್ಕೆ ಲೇಖಕನ ಚಟವೂ ಬಿಡಲಿಲ್ಲ. ನವೆಂಬರ್ 8ರಂದು ಅವನು ಅನ್ನಾಳನ್ನು ತನ್ನ ಕೈಹಿಡಿಯುವಂತೆ ಕೇಳಿದನು. 'ಅಪರಾಧ ಮತ್ತು ಶಿಕ್ಷೆ'ಯ ಕಡೆಯ ಭಾಗವೂ ಆಕೆಯ ಶೀಘ್ರಲಿಪಿಯಿಂದಲೇ ಮುಗಿಯಿತು. 1867ರ ಫೆಬ್ರವರಿ 15ರಂದು ವಿವಾಹವಾಯಿತು. ಆಮೇಲೆ ಯೂರೋಪಿನಲ್ಲಿ ಕಳೆದ ನಾಲ್ಕು ವರ್ಷಗಳಲ್ಲಿ ಆಕೆಯ ಒಡವೆಗಳೂ ಒತ್ತೆಗೆ ಹೋದವು. 1871ರಲ್ಲಿ ಅವನು ಜೂಜನ್ನು ಶಾಶ್ವತವಾಗಿ ತ್ಯಜಿಸಿದನು. ಆಕೆ ಸಾಲಿಗರನ್ನು ಎದುರಿಸಿ, 1873ರಿಂದ ಗಂಡನ ಗ್ರಂಥಗಳನ್ನು ತಾನೇ ಅಚ್ಚುಮಾಡಿಸಿ ಮಾರತೊಡಗಿದಳು. ಒಬ್ಬ ಪ್ರಕಾಶಕನ ಬಲೆಯಿಂದ ಗ್ರಂಥಕರ್ತನನ್ನು ಬಿಡಿಸಿದವಳೇ ಅವನ ಪ್ರಕಾಶಕಳಾದಳು. 1880ರಲ್ಲಿ ಮುಗಿದ 'ಕರಮಜೋವ್ ಸಹೋದರರು' ಎಂಬ ಅವನ ಕಡೆಯ ಮಹಾಕಾದಂಬರಿಯ ಅರ್ಪಣಪತ್ರದಲ್ಲಿರುವ ಹೆಸರು, ಐವತ್ತು ರೂಬಲುಗಳ ಕೆಲಸಕ್ಕೆಂದು ಬಂದಿದ್ದ ಆ ಶೀಘ್ರಲಿಪಿಕಾರ್ತಿಯದು.