ಕೋಲಾರದಿಂದ ಗೌನಿಪಲ್ಲಿಗೆ: ಗಡಿ ದಾಟಿದವರ ಕಥೆ

ಕಾಲೇಜಿನ ಗೆಳೆಯರು ಊರೂರು ಚದುರಿಹೋದರೆ ಒಂದು ಉಪಯೋಗ ಇದೆ ನೋಡಿ. ಅವರನ್ನು ಮಾತಾಡಿಸುವ ನೆಪದಲ್ಲಿ ಊರುಗಳನ್ನೂ ನೋಡಿಬರಬಹುದು. ಹಾಸ್ಟೆಲಿನಲ್ಲಿ ಜೊತೆಗಿದ್ದವರಲ್ಲಿ ಒಬ್ಬ ಈಗ ಕೋಲಾರದಲ್ಲಿ ಮೇಷ್ಟ್ರು, ಒಬ್ಬ ಮುಳಬಾಗಿಲಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ, ಇನ್ನೊಬ್ಬ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯಲ್ಲಿ ಮಾವಿನ ತೋಟ ನೋಡಿಕೊಂಡಿದ್ದಾನೆ. ಎರಡು ದಿನ ರಜೆ ಹಾಕಿ ಕಾರು ಹತ್ತಿದೆ. ದಾರಿಯುದ್ದಕ್ಕೂ ಸಿಕ್ಕಿದ್ದು ಗಡಿ ದಾಟಿದವರ ಕಥೆಗಳೇ!

ಕೋಲಾರಕ್ಕೆ ಹೋದವರು ಕೋಲಾರಮ್ಮ, ಸೋಮೇಶ್ವರ ನೋಡಿ ಹೊರಡುತ್ತಾರೆ. ನಮ್ಮ ಮೇಷ್ಟ್ರು ಮೊದಲು ಕರೆದುಕೊಂಡು ಹೋಗಿದ್ದು ಹೈದರನ ತಂದೆ ಫತೇ ಮಹಮ್ಮದನ ಗೋರಿ ಇರುವ ಮಕ್ಬರಾಕ್ಕೆ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ತೀರಿಕೊಂಡಾಗ ಟಿಪ್ಪು ಇದ್ದದ್ದು ದೂರದ ಮಲಬಾರಿನಲ್ಲಿ. ಸುದ್ದಿ ಹೊರಬಿದ್ದರೆ ಸೈನ್ಯ ಕೈತಪ್ಪುತ್ತದೆ ಅಂತ ಪೂರ್ಣಯ್ಯ ಮೊದಲಾದವರು ಗುಟ್ಟು ಬಿಟ್ಟುಕೊಡಲಿಲ್ಲ. ದೇಹವನ್ನು ಸುಗಂಧದ್ರವ್ಯ ತುಂಬಿದ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಲೂಟಿ ಮಾಲು ಸಾಗಿಸುವವರ ಹಾಗೆ ಕಾವಲಿನಲ್ಲಿ ಕೋಲಾರಕ್ಕೆ ಕಳಿಸಿದರು ಅಂತ ಮಾರ್ಕ್ ವಿಲ್ಕ್ಸ್ ಬರೆದಿದ್ದಾನೆ. ಮಗ ಬಂದು ಅಧಿಕಾರ ಹಿಡಿಯುವ ತನಕ ಇಷ್ಟೆಲ್ಲ ನಾಟಕ. ಆಮೇಲೆ ಆ ದೇಹ ಇಲ್ಲಿಂದ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋಯಿತು. ಗುಂಬಜ್ ನೋಡುವ ಸಾವಿರಾರು ಜನರಲ್ಲಿ ಕೋಲಾರದ ಈ ಜಾಗ ನೆನೆಯುವವರು ಎಷ್ಟು ಮಂದಿಯೋ...

ಮುಳಬಾಗಿಲಿನದು ಇದಕ್ಕೆ ತಿರುಗುಮುರುಗಾದ ಕಥೆ. ಹದಿನಾಲ್ಕನೇ ಶತಮಾನದಲ್ಲಿ ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿದ್ದುಕೊಂಡು ರಾಜ್ಯ ಆಳಿದ, ಇಲ್ಲಿಂದಲೇ ದಂಡು ಕಟ್ಟಿಕೊಂಡು ತಮಿಳು ಸೀಮೆಗೆ ಇಳಿದು ಮಧುರೆಯ ಸುಲ್ತಾನರನ್ನು ಗೆದ್ದ. ಅದನ್ನು ಸಂಸ್ಕೃತ ಕಾವ್ಯ ಮಾಡಿದವಳು ಅವನ ರಾಣಿ ಗಂಗಾದೇವಿ. ಹೆಸರು 'ಮಧುರಾವಿಜಯ'. ಹಸ್ತಪ್ರತಿ ಸಿಕ್ಕಿದ್ದು ಎಲ್ಲಿ ಅಂತೀರಿ? 1916ರಲ್ಲಿ, ತಿರುವನಂತಪುರದಲ್ಲಿ! ಮುಳಬಾಗಿಲಿನ ಬಸ್ ಸ್ಟ್ಯಾಂಡಿನಲ್ಲಿ ಗಂಗಾದೇವಿ ಹೆಸರಿನ ಒಂದು ಬೋರ್ಡಾದರೂ ಇರಬೇಕಿತ್ತು ಅಂತ ನನ್ನ ಆಸೆ. ಡಿ.ವಿ.ಜಿ. ಹುಟ್ಟಿದ ಊರೂ ಇದೇ ತಾನೇ.

ಕುರುಡುಮಲೆ ಗಣೇಶನಿಗೆ ಕೈಮುಗಿದು ಶ್ರೀನಿವಾಸಪುರ ದಾಟಿ ಗೌನಿಪಲ್ಲಿ ಸೇರುವಷ್ಟರಲ್ಲಿ ಸಂಜೆ. ಇಲ್ಲಿ ಮನೆಮಾತು ತೆಲುಗು, ಶಾಲೆಯದು ಕನ್ನಡ. ಗೆಳೆಯ ತಾಯಿಯ ಹತ್ತಿರ ಒಂದು ಭಾಷೆ, ನನ್ನ ಹತ್ತಿರ ಒಂದು ಭಾಷೆ ಮಾತಾಡುತ್ತಾ ಊಟ ಬಡಿಸಿದ. ಕೋಲಾರಕ್ಕಿಂತ ಆಂಧ್ರದ ಮದನಪಲ್ಲಿಯೇ ಹತ್ತಿರ. ಟೊಮೇಟೊ ಕಿತ್ತ ದಿನ ಎರಡೂ ಮಂಡಿಗೆ ಫೋನ್ ಮಾಡಿ, ಎಲ್ಲಿ ರೇಟು ಇದೆಯೋ ಅಲ್ಲಿಗೆ ಗಾಡಿ ಬಿಡುತ್ತಾನಂತೆ.

ಮಾವಿನ ಮಾತು ಬಂದಾಗ ಮಾತ್ರ ದನಿ ಗಡುಸಾಯಿತು. ತೋತಾಪುರಿ ಹಣ್ಣಿಗೆ ಇಲ್ಲಿಯವರು ನಂಬಿರುವುದು ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳನ್ನು. 2025ರ ಜೂನ್‌ನಲ್ಲಿ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದು ಅಂತ ಚಿತ್ತೂರು ಜಿಲ್ಲಾಧಿಕಾರಿಯ ಆದೇಶ ಬಂತು. ಅಲ್ಲಿಯ ರೈತರಿಗೂ ಬೆಲೆ ಕುಸಿದಿತ್ತು, ಅವರನ್ನು ಉಳಿಸಬೇಕಿತ್ತು, ನಿಜ. ಆದರೆ ಗಡಿಯ ಈಚೆ ಹಣ್ಣು ಗಾಡಿಯಲ್ಲೇ ಕೊಳೆಯುವ ಹಾಗಾಯಿತು. ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು.

"ಹೈದರನ ಪೆಟ್ಟಿಗೆ ದಾಟಿ ಬಂತು, ನನ್ನ ಹಣ್ಣಿನ ಪೆಟ್ಟಿಗೆ ದಾಟಲಿಲ್ಲ ನೋಡೋ" ಅಂದ ಗೆಳೆಯ. ನಾನು ಕೋಲಾರದ ಕಥೆ ಹೇಳಿ ಐದು ನಿಮಿಷ ಆಗಿತ್ತಷ್ಟೆ.

ಬೆಳಿಗ್ಗೆ ಇಬ್ಬರೂ ಮದನಪಲ್ಲಿಗೆ ಹೋದೆವು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಇಲ್ಲಿನ ಥಿಯೊಸಾಫಿಕಲ್ ಕಾಲೇಜಿನಲ್ಲಿ ಉಳಿದುಕೊಂಡಿದ್ದಾಗಲೇ 'ಜನ ಗಣ ಮನ'ವನ್ನು ಇಂಗ್ಲಿಷಿಗೆ ತಂದದ್ದು. ಆಗ ಮದನಪಲ್ಲಿ ಮದರಾಸು ಪ್ರಾಂತ್ಯ, ಗೌನಿಪಲ್ಲಿ ಮೈಸೂರು ಸಂಸ್ಥಾನ. ಗೆಳೆಯ ಕಾಲೇಜಿನ ಗೇಟಿನ ತನಕ ಬಂದು, "ನೀನು ನೋಡಿಕೊಂಡು ಬಾ, ನಾನು ಮಂಡಿಯಲ್ಲಿ ಇವತ್ತಿನ ರೇಟು ಕೇಳಿ ಬರ್ತೀನಿ" ಅಂತ ಹೊರಟ.