ವಾಚ್‌ಮನ್ ಮತ್ತು ಮೂರರ ಲೆಕ್ಕ

ಮೊನ್ನೆ ಪವಾಯಿಯ ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಹೊಸ ವಾಚ್‌ಮನ್ ಬಗ್ಗೆ ಗಲಾಟೆ. ಹತ್ತು ವರ್ಷದ ಹಿಂದೆ ಕಳವಿನ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಗಿತ್ತಂತೆ. ಆಮೇಲೂ ಎರಡು ಸಲ ಪೊಲೀಸರು ಕರೆದೊಯ್ದು, ವಿಚಾರಿಸಿ, ಬಿಟ್ಟಿದ್ದರಂತೆ. "ಮೂರು ಸಲ! ಇಂಥವರು ಬದಲಾಗೋದಿಲ್ಲ" ಅಂದರು ಒಬ್ಬರು. ನನಗೆ ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ನೆನಪಾಯಿತು.

ಹುಬ್ಬಳ್ಳಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ 1911ರಲ್ಲಿ ಬದಲಾಗಿ ನಮ್ಮ ಕಡೆಗೂ ಬಂತು. ಕೆಲವು ಜಾತಿಗಳನ್ನೇ ಅಪರಾಧಿಗಳೆಂದು ಪಟ್ಟಿ ಮಾಡಿ, ಹುಬ್ಬಳ್ಳಿ, ಗದಗ, ಬಿಜಾಪುರಗಳ ಸೆಟ್ಲ್‌ಮೆಂಟುಗಳಲ್ಲಿ ಇಟ್ಟರು. ಹಾಜರಿ ಕೊಡಬೇಕು, ಪಾಸಿಲ್ಲದೆ ಹೊರಗೆ ಹೋಗುವಂತಿಲ್ಲ. ನಿಯಮ ಮುರಿದರೆ ಅದೇ ಅಪರಾಧ, ಮತ್ತೆ ಮುರಿದರೆ ಇನ್ನೂ ಹೆಚ್ಚು ಶಿಕ್ಷೆ. ಅಂದರೆ ಪಾಸಿಲ್ಲದೆ ಪಕ್ಕದೂರಿನ ಮದುವೆಗೆ ಹೋದವನೂ ರಿಜಿಸ್ಟರಿನಲ್ಲಿ 'ಮತ್ತೆ ತಪ್ಪು ಮಾಡಿದವನು'! ಕಾವಲು ಬಿಗಿಯಾದಷ್ಟೂ ಅಪರಾಧದ ಲೆಕ್ಕ ಏರಲೇಬೇಕಲ್ಲ?

ಆ ಕಾಯ್ದೆ 1952ರಲ್ಲಿ ದೇಶಾದ್ಯಂತ ರದ್ದಾಯಿತು. ಮುಂಬಯಿ ರಾಜ್ಯ 1959ರಲ್ಲಿ ಹ್ಯಾಬಿಚುಯಲ್ ಅಫೆಂಡರ್ಸ್ ಕಾಯ್ದೆ ತಂದಿತು. ಹುಟ್ಟಿದ ಜಾತಿಯ ಬದಲು ಆದ ಶಿಕ್ಷೆಗಳನ್ನು ಎಣಿಸುವುದು ಅದರ ಕ್ರಮ. ಆದರೆ ಜನರ ಬಾಯಲ್ಲಿ ಹಳೆಯ ಲೆಕ್ಕ ಅಳಿಯಲಿಲ್ಲ. ನಾನು ಚಿಕ್ಕವನಿದ್ದಾಗಲೂ ಮನೆಯಲ್ಲಿ "ಸೆಟ್ಲ್‌ಮೆಂಟ್ ಕಡೆ ಹೋಗಬ್ಯಾಡ" ಅನ್ನುತ್ತಿದ್ದರು.

ಇಂದಿಗೂ ಎಲ್ಲವೂ ಏನನ್ನು ಎಣಿಸುತ್ತೇವೆ ಅನ್ನುವುದರ ಮೇಲೇ ನಿಂತಿದೆ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಜೈಲಿನಿಂದ ಬಿಡುಗಡೆಯಾದವರ ಮೇಲೆ ಅಲ್ಲಿನ ಸರಕಾರ ಐದು ವರ್ಷ ಕಣ್ಣಿಟ್ಟಿತು. ಮತ್ತೆ ಬಂಧನವಾದವರು ಶೇ. 76.6, ಮತ್ತೆ ತಪ್ಪಿತಸ್ಥರೆಂದು ತೀರ್ಪಾದವರು ಶೇ. 55.4, ಹೊಸ ಶಿಕ್ಷೆಯಾಗಿ ಜೈಲಿಗೆ ಮರಳಿದವರು ಶೇ. 28.2. ಜನ ಅವರೇ, ಉತ್ತರ ಮಾತ್ರ ಮೂರು!

ಬ್ಯಾಂಕಿನವನಾದ ನನಗೆ ಇದು ಹೊಸತಲ್ಲ. 2004ರ ಮಾರ್ಚಿನಿಂದ ಸಾಲದ ಕಂತು 180 ದಿನದ ಬದಲು 90 ದಿನ ಬಾಕಿಯಾದರೇ ಎನ್‌ಪಿಎ ಅಂತಾಯಿತು. ಸಾಲಗಾರ ನಿನ್ನೆ ಇದ್ದವನೇ, ಹಣೆಪಟ್ಟಿ ಮಾತ್ರ ಹೊಸದು. ಒಮ್ಮೆ ಪೊಲೀಸ್ ಪುಸ್ತಕ ಸೇರಿದವನ ಮನೆಗೆ, ಬೀದಿಯಲ್ಲಿ ಏನೇ ಕಳವಾದರೂ ಪೊಲೀಸರು ಮೊದಲು ಹೋಗುತ್ತಾರೆ. ಅದು ಪೊಲೀಸರ ಓಡಾಟದ ಲೆಕ್ಕವೋ, ಅವನ ಕಳವಿನ ಲೆಕ್ಕವೋ?

ಮೀಟಿಂಗಿನಲ್ಲಿ ಇಷ್ಟನ್ನೇ ಹೇಳಿದೆ: "ಅವನ ಲೆಕ್ಕ ಮೂರಲ್ಲ ಸ್ವಾಮಿ, ಒಂದು. ಅದೂ ಹತ್ತು ವರ್ಷದ ಹಿಂದಿನದು." ಎರಡೇ ಓಟಿನಿಂದ ಅವನ ಕೆಲಸ ಉಳಿಯಿತು. ನಿಮ್ಮ ಸೊಸೈಟಿಯಲ್ಲಾಗಿದ್ದರೆ ನೀವು ಯಾವ ಕಡೆ ಕೈ ಎತ್ತುತ್ತಿದ್ದಿರಿ?