ಲಾಸ್ ಏಂಜಲೀಸಿನ ವಕೀಲ, ಮರಳುಗಾಡಿನ ಜಡ್ಜು ಮತ್ತು ಒಂದಿಷ್ಟು ಜಮೀನು

ಸ್ಯಾನ್ ಡಿಯಾಗೋ ಕೌಂಟಿಯ ಉತ್ತರದ ತುದಿಗೆ ಫಾಲ್‌ಬ್ರೂಕ್ ಅಂತ ಒಂದು ಊರಿದೆ. ಗುಡ್ಡದ ಮೇಲೆಲ್ಲ ಬೆಣ್ಣೆಹಣ್ಣಿನ ತೋಟ. ನಮ್ಮ ಗೆಳತಿಯೊಬ್ಬಳು ಅಲ್ಲಿದ್ದಾಳೆ. ಊರು ಶಿರಸಿ ಕಡೆ, ಓದಿದ್ದು ಲಾ. ಕೆಲಸ ಲಾಸ್ ಏಂಜಲೀಸಿನ ಒಂದು ಆಫೀಸಿಗೆ, ಆದರೆ ಮಾಡೋದು ಮನೆಯ ಹಿಂದಿನ ಕೋಣೆಯಿಂದ. ಹದಿನೈದು ದಿನಕ್ಕೊಮ್ಮೆ ನೂರು ಮೈಲಿ ಕಾರು ಓಡಿಸಿಕೊಂಡು ಹೋಗಿ ಮುಖ ತೋರಿಸಿ ಬರ್ತಾಳೆ. "ಅಪ್ಪನ ಅಡಿಕೆ ತೋಟ ನೋಡ್ಕೊಳ್ಳೋಕಂತೂ ಆಗ್ಲಿಲ್ಲ, ಇಲ್ಲಾದ್ರೂ ನಾಲ್ಕು ಮರ ಇರ್ಲಿ" ಅಂತ ಅವಳ ಸಮಾಧಾನ. ಅತ್ತ ಕಕ್ಷಿದಾರರ ಫೋನು, ಇತ್ತ ಮಗನ ಹೋಮ್‌ವರ್ಕು, ನಡುವೆ ಹನಿ ನೀರಾವರಿಯ ಪೈಪು ಒಡೆದು ನೀರು ಸೋರೋದು!

ಮೊನ್ನೆ ಊಟಕ್ಕೆ ಕೂತಾಗ ಅವಳು, "ನಮ್ಮೋರಲ್ಲಿ ಈ ತರಹ ಒದ್ದಾಡೋಳು ನಾನೇ ಮೊದಲನೇಳು ಇರ್ಬೇಕು" ಅಂದಳು. ಅಲ್ಲ ಮಾರಾಯ್ತಿ, ನೂರು ವರ್ಷದ ಹಿಂದೇನೇ ಇದ್ದರು ಅಂತ ನಾನು ಶುರು ಮಾಡಿದೆ. ಅವತ್ತು ಪಾಯಸ ಆರಿಹೋಯಿತು. ಅದನ್ನೇ ಇಲ್ಲಿ ಬರೀತಾ ಇದ್ದೇನೆ.

ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ ಗುಡ್ಡ ಹತ್ತಿ ಇಳಿದರೆ ಇಂಪೀರಿಯಲ್ ಕಣಿವೆ. 1907ರವರೆಗೆ ಅದು ಸ್ಯಾನ್ ಡಿಯಾಗೋ ಕೌಂಟಿಯದೇ ಭಾಗ, ಆಮೇಲೆ ಬೇರೆ ಕೌಂಟಿಯಾಯಿತು. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ಮರಳುಗಾಡು ಅದು. ಕೊಲರಾಡೋ ನದಿಯ ನೀರನ್ನು ಕಾಲುವೆಯಲ್ಲಿ ತಂದ ಮೇಲೆ ಹತ್ತಿ, ಲೆಟ್ಯೂಸು, ಕುದುರೆ ಮೆಂತ್ಯ ಬೆಳೆಯಿತು. ಬೆಳೆದವರಲ್ಲಿ ಪಂಜಾಬಿನಿಂದ ಬಂದ ರೈತರೂ ಇದ್ದರು.

ಆದರೆ ಜಮೀನು ಅವರದ್ದಾಗುವ ಹಾಗಿರಲಿಲ್ಲ. ಪೌರರಾಗಲು ಅರ್ಹತೆ ಇಲ್ಲದ ಪರದೇಶಿಗಳು ಕೃಷಿ ಜಮೀನು ಕೊಳ್ಳಬಾರದು ಅಂತ ಕ್ಯಾಲಿಫೋರ್ನಿಯಾ 1913ರಲ್ಲಿ ಕಾನೂನು ಮಾಡಿತು, 1920ರಲ್ಲಿ ಅದನ್ನೇ ಇನ್ನೂ ಬಿಗಿ ಮಾಡಿತು. ಹಾಗಾದರೆ ಭಾರತೀಯರು ಪೌರರಾಗಬಹುದೇ? ಎಲ್ಲ ನಿಂತಿದ್ದು ಈ ಪ್ರಶ್ನೆಯ ಮೇಲೆ. ಯಾಕಂದ್ರೆ ಆಗಿನ ಕಾನೂನಿನಲ್ಲಿ 'ಬಿಳಿಯರು' ಮತ್ತು ಆಫ್ರಿಕಾ ಮೂಲದವರು ಮಾತ್ರ ಪೌರತ್ವಕ್ಕೆ ಅರ್ಜಿ ಹಾಕಬಹುದಿತ್ತು.

ಇಲ್ಲಿ ಬರುತ್ತಾರೆ ನಮ್ಮ ಮೊದಲನೇ ಕಥಾನಾಯಕರು, ಸಖಾರಾಮ್ ಗಣೇಶ್ ಪಂಡಿತ್. ಲಾಸ್ ಏಂಜಲೀಸಿನಲ್ಲಿ 1914ರಲ್ಲಿ ಪೌರತ್ವ ಪಡೆದು, 1917ರಲ್ಲಿ ವಕೀಲರಾದರು. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಅದೇ ಊರಿನಲ್ಲಿದ್ದ ಜಪಾನಿನ ಸೇ ಫುಜಿ ಅನ್ನುವವರು 1911ರಲ್ಲೇ ಲಾ ಪದವಿ ಪಡೆದಿದ್ದರೂ, ಪೌರರಲ್ಲ ಅನ್ನುವ ಕಾರಣಕ್ಕೆ ಕೋರ್ಟಿನಲ್ಲಿ ವಾದ ಮಾಡುವ ಹಾಗಿರಲಿಲ್ಲ. ಬಿಳಿಯ ಗೆಳೆಯನೊಬ್ಬ ವಕೀಲ, ಇವರು ಹಿಂದೆ ನಿಂತು ಕೆಲಸ ಮಾಡುವವರು.

ಭಗತ್ ಸಿಂಗ್ ತಿಂದ್ ಅವರ ಪೌರತ್ವದ ಕೇಸನ್ನು ಸುಪ್ರೀಂ ಕೋರ್ಟಿನಲ್ಲಿ ನಡೆಸಿದವರು ಇದೇ ಪಂಡಿತ್. 1923ರ ಫೆಬ್ರವರಿ 19ಕ್ಕೆ ತೀರ್ಪು ಬಂತು, ಸೋತರು. ಸಾಮಾನ್ಯ ಮನುಷ್ಯನ ಕಣ್ಣಿಗೆ ಭಾರತೀಯ 'ಬಿಳಿಯ'ನಲ್ಲ ಅಂತ ಕೋರ್ಟು ಹೇಳಿತು. ಒಂದೇ ಏಟಿಗೆ ಕಣಿವೆಯ ರೈತರಿಗೂ ಆ ಜಮೀನು ಕಾನೂನು ಅನ್ವಯವಾಯಿತು. ಅಷ್ಟೇ ಅಲ್ಲ, ಅದಾಗಲೇ ಪೌರರಾಗಿದ್ದ ಹತ್ತಾರು ಭಾರತೀಯರಿಂದ ಪೌರತ್ವ ಕಿತ್ತುಕೊಳ್ಳಲು ಸರ್ಕಾರ ಹೊರಟಿತು. ಆ ಪಟ್ಟಿಯಲ್ಲಿ ಪಂಡಿತರ ಹೆಸರೂ ಇತ್ತು!

ಯೋಚಿಸಿ ನೋಡಿ. ಕಕ್ಷಿದಾರನ ಕೇಸು ಸೋತ ವಕೀಲ ಈಗ ಅದೇ ಕೇಸಿನಲ್ಲಿ ತಾನೇ ಪ್ರತಿವಾದಿ. ಪೌರತ್ವ ಹೋದರೆ ವಕೀಲಿಕೆ ಹೋಗುತ್ತೆ. ಹೆಂಡತಿ ಬಿಳಿಯ ಅಮೆರಿಕನ್. ಅರ್ಹತೆ ಇಲ್ಲದ ಪರದೇಶಿಯನ್ನು ಮದುವೆಯಾದ ಹೆಣ್ಣಿನ ಪೌರತ್ವವೂ ಹೋಗುತ್ತೆ ಅಂತ 1922ರ ಕೇಬಲ್ ಕಾಯ್ದೆ ಹೇಳುತ್ತಿತ್ತು. ಮನೆ, ಆಸ್ತಿ, ಜಮೀನು ಎಲ್ಲದಕ್ಕೂ ಕುತ್ತು. ಪಂಡಿತ್ ಈ ಸಲ ಬಣ್ಣದ ವಾದಕ್ಕೇ ಜೋತುಬೀಳಲಿಲ್ಲ. "1914ರಲ್ಲೇ ಈ ಪ್ರಶ್ನೆ ಕೋರ್ಟಿನ ಮುಂದೆ ಬಂದು ತೀರ್ಮಾನವಾಗಿದೆ, ಆಗ ಸರ್ಕಾರ ಮೇಲ್ಮನವಿ ಹಾಕಲಿಲ್ಲ, ಆ ತೀರ್ಪು ನಂಬಿ ನಾನು ಬಾಳು ಕಟ್ಟಿಕೊಂಡಿದ್ದೇನೆ" ಅನ್ನೋದು ವಾದದ ಸಾರ. 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. 1927ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ಕೈಗೆತ್ತಿಕೊಳ್ಳಲೇ ಇಲ್ಲ. ಸರ್ಕಾರ ಉಳಿದ ಕೇಸುಗಳನ್ನೂ ಕೈಬಿಟ್ಟಿತು. ಒಬ್ಬ ಮನುಷ್ಯ ತನ್ನ ಸಂಸಾರ ಉಳಿಸಿಕೊಳ್ಳಲು ನಡೆಸಿದ ಕೇಸು ಎಷ್ಟೋ ಮನೆ ಉಳಿಸಿತು.

ಇತ್ತ ಕಣಿವೆಯಲ್ಲಿ ಏನಾಯಿತು? ನಮ್ಮ ಕಡೆ ಬೇನಾಮಿ ಅಂತೀವಲ್ಲ, ಅದೇ. ಗುರುತಿನ ಬಿಳಿಯರ ಹೆಸರಲ್ಲಿ ಗುತ್ತಿಗೆ, ಬಾಯಿಮಾತಿನ ನಂಬಿಕೆ. ಎಷ್ಟೋ ಪಂಜಾಬಿಗಳು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಜನಾಂಗ ಬೇರೆ ಅಂತ ಗುಮಾಸ್ತ ಲೈಸೆನ್ಸು ಕೊಡಲು ತಕರಾರು ಮಾಡಿದರೆ ಸ್ಯಾನ್ ಡಿಯಾಗೋಗೋ ಅರಿಜೋನಾಗೋ ಹೋಗಿ ಮದುವೆಯಾಗಿ ಬಂದವರಿದ್ದಾರೆ. ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಅಮೆರಿಕದ ಪೌರರು. ಆ ಮಕ್ಕಳ ಹೆಸರಿಗೆ ಜಮೀನು, ಅಪ್ಪ ಬರೀ ಪೋಷಕ. ತೊಟ್ಟಿಲಲ್ಲಿ ಮಲಗಿದ ಕೂಸು ಜಮೀನ್ದಾರ, ಬಿಸಿಲಲ್ಲಿ ದುಡಿಯೋ ಅಪ್ಪ ಕಾಗದದ ಪ್ರಕಾರ ಯಾರೂ ಅಲ್ಲ.

ಎರಡನೇ ಕಥಾನಾಯಕರು ದಲೀಪ್ ಸಿಂಗ್ ಸೌಂದ್. ಅಮೃತಸರದ ಹತ್ತಿರದ ಹಳ್ಳಿಯವರು. 1920ರಲ್ಲಿ ಬಂದು ಬರ್ಕ್ಲಿಯಲ್ಲಿ ಗಣಿತದಲ್ಲಿ 1924ಕ್ಕೆ ಪಿಎಚ್‌ಡಿ ಮಾಡಿದರು. ಕೆಲಸ ಯಾರು ಕೊಡ್ತಾರೆ? ಮರುವರ್ಷ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುವವರ ಮೇಸ್ತ್ರಿಯಾದರು! ಆಮೇಲೆ ಸ್ವಂತ ಬೇಸಾಯ. ಲೆಟ್ಯೂಸಿನಲ್ಲಿ ಕೈಸುಟ್ಟುಕೊಂಡರು. 1928ರಲ್ಲಿ ಲಾಸ್ ಏಂಜಲೀಸಿನ ಮೇರಿಯನ್ ಕೋಸಾ ಅವರನ್ನು ಮದುವೆಯಾದರು, ಮೂರು ಮಕ್ಕಳಾದವು. ಆದರೆ ಆ ಸೆಕೆ, ಆ ಊರಿನ ತಾರತಮ್ಯ... ಮೇರಿಯನ್ ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸಿಗೆ ಬಂದರು. ಸೌಂದ್ ವೆಸ್ಟ್‌ಮೋರ್ಲೆಂಡಿನ ಹೊಲದಲ್ಲೇ ಉಳಿದರು. ನಡುವೆ ಸುಮಾರು 300 ಕಿಲೋಮೀಟರ್. ವಾರದ ಕೊನೆಗೆ ಹೆಂಡತಿ ಮಕ್ಕಳ ಮುಖ ನೋಡುವ ಸಂಸಾರ. ವಿಡಿಯೋ ಕಾಲು ಇಲ್ಲ, ಏರ್‌ಕಂಡೀಷನ್ ಕಾರಿಲ್ಲ.

1942ರಲ್ಲಿ ಅವರು ಇಂಡಿಯಾ ಅಸೋಸಿಯೇಷನ್ ಆಫ್ ಅಮೆರಿಕ ಕಟ್ಟಲು ನಿಂತರು. ಅವರಂಥವರು ಮತ್ತು ನ್ಯೂಯಾರ್ಕಿನವರು ಸೇರಿ ಓಡಾಡಿದ್ದಕ್ಕೆ 1946ರ ಜುಲೈ 2ರಂದು ಟ್ರೂಮನ್ ಲೂಸ್-ಸೆಲ್ಲರ್ ಕಾಯ್ದೆಗೆ ಸಹಿ ಹಾಕಿದರು. ಭಾರತೀಯರಿಗೆ ಪೌರತ್ವ, ವರ್ಷಕ್ಕೆ 100 ಜನರಿಗೆ ವಲಸೆಗೆ ಅವಕಾಶ. (ಹೌದು, ಬರೀ ನೂರು!) ಸೌಂದ್ 1949ರ ಡಿಸೆಂಬರಿನಲ್ಲಿ ಪೌರರಾದರು. 1950ರಲ್ಲಿ ಊರಿನ ಸಣ್ಣ ಕೋರ್ಟಿನ ಜಡ್ಜ್ ಸ್ಥಾನಕ್ಕೆ ನಿಂತು ಗೆದ್ದರೂ, ಪೌರರಾಗಿ ವರ್ಷ ತುಂಬಿಲ್ಲ ಅಂತ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. ಆ ಹುದ್ದೆಗೆ ಆಗ ಲಾ ಪದವಿ ಬೇಕಿರಲಿಲ್ಲ. ಗಣಿತದ ಡಾಕ್ಟರು, ರೈತ, ರಸಗೊಬ್ಬರದ ವ್ಯಾಪಾರಿ, ಈಗ ಜಡ್ಜು! 1956ರಲ್ಲಿ ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ಅಮೆರಿಕದ ಕಾಂಗ್ರೆಸ್ಸಿಗೆ ಹೋದ ಮೊದಲ ಏಷ್ಯನ್ ಆದರು. 1962ರಲ್ಲಿ ಪಾರ್ಶ್ವವಾಯು ಹೊಡೆಯಿತು. 1973ರಲ್ಲಿ ತೀರಿಕೊಂಡರು.

ಅಂದ ಹಾಗೆ ಆ ಜಮೀನು ಕಾನೂನು ಬಿದ್ದದ್ದು 1952ರಲ್ಲಿ. ಬೀಳಿಸಿದ ಕೇಸು ಯಾರದ್ದು ಗೊತ್ತೇ? ಮೇಲೆ ಹೇಳಿದ ಸೇ ಫುಜಿ ಅವರದ್ದು. ವಕೀಲರಾಗಲಾರದ ಲಾ ಪದವೀಧರ ಬೇಕಂತಲೇ ಲಾಸ್ ಏಂಜಲೀಸಿನಲ್ಲಿ ಒಂದು ತುಂಡು ಜಾಗ ಕೊಂಡು ಕೋರ್ಟಿಗೆ ಹೋಗಿದ್ದರು.

ಗೆಳತಿ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. "ಹಂಗಾದ್ರೆ ಊರಲ್ಲಿ ನಾನು?" ಪ್ರಶ್ನೆ ಚುಚ್ಚಿತು. ಕೃಷಿಯೇತರ ಆದಾಯ ಹೆಚ್ಚಿದ್ದವರು ಜಮೀನು ಕೊಳ್ಳಬಾರದು ಅಂತ ಕರ್ನಾಟಕದ ಭೂಸುಧಾರಣೆ ಕಾಯ್ದೆಯಲ್ಲಿದ್ದ 79ಎ ಕಲಮು 2020ರಲ್ಲಿ ಹೋಯಿತು. ಆದರೆ ಅಮೆರಿಕದ ಪಾಸ್‌ಪೋರ್ಟು ಹಿಡಿದ ಅವಳು ಶಿರಸಿಯಲ್ಲಿ ತೋಟ ಕೊಳ್ಳುವಂತಿಲ್ಲ, ಅಪ್ಪನಿಂದ ಬಂದರೆ ಇಟ್ಟುಕೊಳ್ಳಬಹುದು ಅಷ್ಟೇ. ಅಂದು ಉಳುವವನನ್ನು ಅವನ ಬಣ್ಣ ನೋಡಿ ತಡೆದರು. ಇಂದಿನ ನಿಯಮಕ್ಕೆ ಬೇರೆ ಕಾರಣ ಇದೆ, ಎರಡೂ ಒಂದೇ ಅಂತ ನಾನು ಹೇಳಲ್ಲ. ಆದರೂ ಬಿಟ್ಟು ಬಂದ ಮಣ್ಣಿಗೆ ಕಾಗದದ ಮೇಲೆ ಪರದೇಶಿಯಾಗೋದು ಹೇಗಿರುತ್ತೆ ಅಂತ ಅವಳಿಗೆ ಗೊತ್ತು.

ಹೊರಡುವಾಗ ಒಂದು ಚೀಲ ಬೆಣ್ಣೆಹಣ್ಣು ಕೊಟ್ಟಳು. ಇನ್ನೂ ಕಾಯಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದೇನೆ, ವಾರದೊಳಗೆ ಹಣ್ಣಾಗಬಹುದು.